ಎಕ್ಸ್ ಮತ್ತು ವೈ ಜೋಡಿಯಾಗಿದ್ದರೂ ಅವುಗಳ ಜೀನುಗಳು ಬೇರೆಯೇಕೆ?

ಎಕ್ಸ್ ಮತ್ತು ವೈ ನಮ್ಮ ಲಿಂಗ ನಿರ್ಧರಿಸುವ ವರ್ಣತಂತುಗಳು, ಅಂದರೆ ಜೀನುಗಳನ್ನು ಹೊತ್ತ ಡಿಎನ್‌ಎ ಎಳೆಗಳು; ಸಾಮಾನ್ಯವಾಗಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಇವು ಜೋಡಿ ಎಂದ ಮೇಲೆ ಎರಡರಲ್ಲೂ ಒಂದೇ ಜೀನುಗಳು ಇರಬೇಕಲ್ಲವೇ ಎಂದು ಕೇಳಿದ್ದೀರಿ. ಇಲ್ಲ. ಎರಡು ತುದಿಗಳ ಚಿಕ್ಕ ಭಾಗಗಳಷ್ಟೇ ಪೂರ್ತಿ ಹೊಂದುತ್ತವೆ. ವೀರ್ಯಾಣು ರೂಪುಗೊಳ್ಳುವಾಗ ಎಕ್ಸ್ ಮತ್ತು ವೈ ಮುಖ್ಯವಾಗಿ ಅಲ್ಲಿಯೇ ಪರಸ್ಪರ ತುಣುಕು ಬದಲಿಸಿಕೊಳ್ಳುತ್ತವೆ.

ಎಕ್ಸ್‌ನಲ್ಲಿ ಸುಮಾರು 15.6 ಕೋಟಿ ಡಿಎನ್‌ಎ ಅಕ್ಷರಗಳಿವೆ. ಪ್ರೋಟೀನ್ ತಯಾರಿಸುವ ಜೀನುಗಳು 800ಕ್ಕೂ ಹೆಚ್ಚು. ವೈನಲ್ಲಿ ಇರುವುದು ಸುಮಾರು 6 ಕೋಟಿ ಅಕ್ಷರ, ಜೀನುಗಳೂ ಬಹಳ ಕಡಿಮೆ.

ಎಕ್ಸ್‌ನ ಉದ್ದ ತೋಳಿನ (ವರ್ಣತಂತುವಿನ ಕಿರಿದಾದ ನಡುವಿನ ಎರಡು ಬದಿಗಳಲ್ಲಿ ಉದ್ದನೆಯದರ) ಕೊನೆಯನ್ನು ಹತ್ತಿರದಿಂದ ನೋಡಿ. ಕೆಂಪು ಮತ್ತು ಹಸಿರನ್ನು ಗುರುತಿಸುವ ಜೀನುಗಳು ಅಲ್ಲಿ ಒಂದರ ಹಿಂದೊಂದು ಸಾಲಾಗಿ ನಿಂತಿವೆ. ಅವು ಎಷ್ಟು ಹೋಲುತ್ತವೆಂದರೆ, ಅಂಡಾಣು ರೂಪುಗೊಳ್ಳುವಾಗ ತಾಯಿಯ ಎರಡು ಎಕ್ಸ್‌ಗಳು ಕೆಲವೊಮ್ಮೆ ಸಾಲು ತಪ್ಪಿ ಜೋಡಿಯಾಗುತ್ತವೆ. ಆಗ ಒಂದಕ್ಕೆ ಹೆಚ್ಚುವರಿ ಜೀನು ಸಿಗುತ್ತದೆ, ಇನ್ನೊಂದು ಒಂದನ್ನು ಕಳೆದುಕೊಳ್ಳುತ್ತದೆ. ಕೊರತೆಯಿರುವ ಎಕ್ಸ್ ಮಗನಿಗೆ ಬಂದರೆ ವೈನಲ್ಲಿ ಅದಕ್ಕೆ ಬದಲಿ ಇಲ್ಲ. ಕೆಂಪು-ಹಸಿರು ಬಣ್ಣಗುರುಡು ಗಂಡಸರಲ್ಲೇ ಹೆಚ್ಚಾಗಿ ಕಾಣುವುದು ಇದರಿಂದ.

ವೃಷಣ ಬೆಳೆಯಲು ಸೂಚನೆ ಕೊಡುವ ಎಸ್‌ಆರ್‌ವೈ ಜೀನು ವೈನ ಗಿಡ್ಡ ತೋಳಿನಲ್ಲಿದೆ. 1990ರಲ್ಲಿ ಗುರುತಿಸಿದ ಈ ಜೀನು ತಂದೆಯಿಂದ ಬರುತ್ತದೆ. ಹೆಣ್ಣು ಹುಟ್ಟಿತೆಂದು ತಾಯಿಯನ್ನು ದೂರುವುದು ಶುದ್ಧ ಅನ್ಯಾಯ. ಎಸ್‌ಆರ್‌ವೈ ತುದಿಯ ಹೊಂದಿಕೆಯ ಭಾಗಕ್ಕೆ ತೀರಾ ಅಂಟಿಕೊಂಡಂತೆ ಇರುವುದರಿಂದ, ತುಣುಕು ಬದಲಿಯಾಗುವಾಗ ಅಪರೂಪಕ್ಕೆ ಅದು ಗಡಿ ದಾಟಿ ಎಕ್ಸ್‌ಗೆ ಸೇರುತ್ತದೆ. ಆಗ ಎರಡು ಎಕ್ಸ್ ಇರುವ ಮಗುವೂ ಸಾಮಾನ್ಯವಾಗಿ ಗಂಡಾಗಿಯೇ ಬೆಳೆಯುತ್ತದೆ.