ಮಹಾಕಾವ್ಯ ಓದಿ ಇಂಗ್ಲಿಷ್ ಪದ ಕಲಿಯುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶಬ್ದಸಂಪತ್ತು ಬೆಳೆಯಲಿ ಎಂದು ಇಂಗ್ಲಿಷ್ ಕವಿ ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಹಿಡಿದೆ. ಮೊದಲ ಪುಟ ದಾಟಲು ಒಂದು ಸಂಜೆ ಬೇಕಾಯಿತು. ಪ್ರತಿ ಪದದ ಅರ್ಥ ನಿಘಂಟಿನಲ್ಲಿ ಸಿಕ್ಕರೂ ವಾಕ್ಯ ಕೈಗೆ ಸಿಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಘಂಟನ್ನು ಬೇಗ ತೆರೆಯುತ್ತಿದ್ದೀರಿ. ಆ ಕಾವ್ಯದ ಮೊದಲ ವಾಕ್ಯವೇ 16 ಸಾಲು ಇದೆ. ಅದರ ಮುಖ್ಯ ಕ್ರಿಯಾಪದ 'ಸಿಂಗ್', ಅಂದರೆ ಹಾಡು, ಬರುವುದು 6ನೇ ಸಾಲಿನಲ್ಲಿ. ಅದಕ್ಕೂ ಮೊದಲಿನ ಐದು ಸಾಲುಗಳಲ್ಲಿ ಇರುವುದು ಯಾವುದನ್ನು ಹಾಡಬೇಕು ಎಂಬುದಷ್ಟೆ: ಮನುಷ್ಯನ ಮೊದಲ ಅವಿಧೇಯತೆ, ನಿಷೇಧಿಸಿದ ಮರದ ಹಣ್ಣು, ಅದರಿಂದ ಬಂದ ಸಾವು ಮತ್ತು ಸಂಕಟ. ಕ್ರಿಯಾಪದ ಕೊನೆಗೆ ಬರುವುದು ಕನ್ನಡದವರಿಗೆ ಹೊಸದೇನಲ್ಲ. ಇಂಗ್ಲಿಷಿನಲ್ಲಿ ಹಾಗಾಗುತ್ತದೆ ಎಂದು ನಿರೀಕ್ಷಿಸದೆ ಇರುವುದರಿಂದ ದಾರಿ ತಪ್ಪುತ್ತೇವೆ.

ಒಂದು ಸಲಕ್ಕೆ 20ರಿಂದ 25 ಸಾಲು ಸಾಕು. ಮೊದಲು ಗಟ್ಟಿಯಾಗಿ ಓದಿ, ಅರ್ಥದ ಗೊಡವೆ ಬೇಡ. ಎರಡನೇ ಓದಿನಲ್ಲಿ ಕರ್ತೃ ಯಾರು, ಕ್ರಿಯೆ ಯಾವುದು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಸಾಲು ಮುಗಿದಲ್ಲಿ ನಿಲ್ಲಬೇಡಿ, ಅಲ್ಪವಿರಾಮ ಅಥವಾ ಪೂರ್ಣವಿರಾಮ ಬಂದಲ್ಲಿ ನಿಲ್ಲಿ. ಮಿಲ್ಟನ್‌ನದು ಪ್ರಾಸವಿಲ್ಲದ ಪದ್ಯ, ವಾಕ್ಯ ಸಾಲಿನಿಂದ ಸಾಲಿಗೆ ಹರಿಯುತ್ತದೆ. ಮೂರನೇ ಓದಿಗೆ ನಿಘಂಟು ತೆಗೆಯಿರಿ. ಆಗ ಹುಡುಕಬೇಕಾದ ಪದಗಳು ಎಷ್ಟೋ ಕಡಿಮೆಯಾಗಿರುತ್ತವೆ.

ಹುಡುಕಿದ್ದನ್ನೆಲ್ಲ ಬರೆದಿಡಬೇಡಿ. ಮೊದಲ ಐದು ಸಾಲುಗಳನ್ನೇ ನೋಡಿ. 'ಫರ್ಬಿಡನ್', 'ರಿಸ್ಟೋರ್', 'ರಿಗೇನ್' ಇವತ್ತೇ ಬಳಸಬಹುದಾದ ಪದಗಳು. 'ಡಿಸ್‌ಒಬೀಡಿಯನ್ಸ್' ಬರೆಯುವಾಗ ಅದರ ಬಳಗವನ್ನೂ ಪಕ್ಕದಲ್ಲಿ ಬರೆದರೆ ಒಂದು ಪದದ ಶ್ರಮಕ್ಕೆ ನಾಲ್ಕು ಸಿಗುತ್ತವೆ: ಒಬೇ, ಒಬೀಡಿಯಂಟ್, ಒಬೀಡಿಯನ್ಸ್, ಡಿಸ್‌ಒಬೇ. 'ವೋ' ಅಂದರೆ ಸಂಕಟ. ಮಾತಿನಲ್ಲಿ ಆಡಿದರೆ ನಾಟಕದಂತೆ ಕೇಳಿಸುತ್ತದೆ, ಆದರೆ ಬಹುವಚನದಲ್ಲಿ ಪತ್ರಿಕೆಯ ತಲೆಬರಹಗಳಿಗೆ ಇಂದಿಗೂ ಪ್ರಿಯ. ಹಾಗಾಗಿ ಅದು ಗುರುತಿಸಿದರೆ ಸಾಕಾಗುವ ಪದ. 'ಮಾರ್ಟಲ್' ಇಲ್ಲಿ ಸಾವು ತರುವ ಎಂಬ ಅರ್ಥದಲ್ಲಿದೆ. ಇಂದು ಸಾಮಾನ್ಯವಾಗಿ ಸಾವುಳ್ಳ ಎಂಬ ಅರ್ಥ. ಹಳೆಯ ಅರ್ಥ ಉಳಿದಿರುವುದು 'ಮಾರ್ಟಲ್ ಡೇಂಜರ್', 'ಮಾರ್ಟಲ್ ವೂಂಡ್'ನಂಥ ಜೋಡಿಗಳಲ್ಲಿ. ಆದ್ದರಿಂದ ಪದವನ್ನು ಒಂಟಿಯಾಗಿ ಬರೆಯದೆ ಜೋಡಿಯಾಗಿಯೇ ಬರೆದುಕೊಳ್ಳಿ.

ಒಂದು ಸಲದ ಓದಿಗೆ ಐದರಿಂದ ಏಳು ಪದ ಮಾತ್ರ. ಪ್ರತಿಯೊಂದರ ಮುಂದೆ ಕಾವ್ಯದ ಸಾಲು, ಇಂದಿನ ಅರ್ಥ, ಅದರ ಜೊತೆ ಬರುವ ಪದ, ಮತ್ತು ನಿಮ್ಮದೇ ಒಂದು ವಾಕ್ಯ. ಆ ವಾಕ್ಯ ದೇವರು, ಯುದ್ಧ, ನರಕದ ಬಗ್ಗೆ ಇರಕೂಡದು. ಮನೆ, ಕೆಲಸ, ಪ್ರಯಾಣದ ಬಗ್ಗೆ ಇರಲಿ. ಮರುದಿನ, ಮೂರನೇ ದಿನ, ಒಂದು ವಾರದ ಮೇಲೆ, ಮತ್ತೆ ಮೂರು ವಾರದ ಮೇಲೆ ಪದವನ್ನು ಮುಚ್ಚಿಟ್ಟು, ಸಾಲು ನೋಡಿ ಪದ ಹೇಳಲು ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಕಾವ್ಯದಿಂದ ಕಲಿತ ಪದಗಳನ್ನು ಕಚೇರಿಯ ಇ-ಮೇಲ್‌ನಲ್ಲಿ ಬಳಸಿದೆ. ಓದಿದವರು ನಕ್ಕರು. ಪದ ತಪ್ಪಾಗಿರಲಿಲ್ಲ, ಮತ್ತೇಕೆ?

ಉತ್ತರ: ಪಂಪನ ಭಾಷೆಯಲ್ಲಿ ರಜಾ ಅರ್ಜಿ ಬರೆದರೆ ಹೇಗೋ ಹಾಗೆ. 'ಪ್ಯಾರಡೈಸ್ ಲಾಸ್ಟ್' ಮೊದಲು ಅಚ್ಚಾದದ್ದು 1667ರಲ್ಲಿ, ಹತ್ತು ಭಾಗಗಳಾಗಿ. 1674ರ ಎರಡನೇ ಆವೃತ್ತಿಯಲ್ಲಿ ಅದು ಹನ್ನೆರಡು ಭಾಗವಾಯಿತು. ಅಂದಿನ 'ಎರ್' (ಅಂದರೆ ಮುನ್ನ), 'ದಿದರ್' (ಅತ್ತ), 'ಹ್ಯಾತ್' (ಇದೆ) ಕಣ್ಣಿಗೇ ಹಳೆಯವು ಎಂದು ಗೊತ್ತಾಗುತ್ತವೆ. ನಿಜವಾಗಿ ಕೈಕೊಡುವುದು ಇಂದಿಗೂ ಚಲಾವಣೆಯಲ್ಲಿದ್ದು ಅರ್ಥ ಮಾತ್ರ ಬದಲಾದ ಪದಗಳು. ಮಿಲ್ಟನ್ ಲ್ಯಾಟಿನ್ ಮೂಲದ ಅರ್ಥ ಇಟ್ಟುಕೊಂಡು ಬರೆಯುತ್ತಾನೆ. ನಾಲ್ಕನೇ ಭಾಗದಲ್ಲಿ ತೊರೆಯ ಅಂಕುಡೊಂಕಿನ ಹರಿವಿಗೆ 'ಎರರ್' ಎನ್ನುತ್ತಾನೆ. ಅಲೆದಾಟ ಎಂಬುದು ಅದರ ಮೂಲಾರ್ಥ. ಸೇನೆಯ ಮುಂಚೂಣಿ 'ಹಾರಿಡ್' ಎಂದರೆ ಆಯುಧಗಳು ಮುಳ್ಳಿನಂತೆ ನಿಗುರಿ ನಿಂತಿವೆ ಎಂಬ ಛಾಯೆ ಇದೆ, ಅಸಹ್ಯ ಎಂದಲ್ಲ. 'ಆಫುಲ್' ಭಯಭಕ್ತಿ ಹುಟ್ಟಿಸುವಂಥದ್ದು. ಇದನ್ನು ಇಂದು ಮೇಲಧಿಕಾರಿಯ ಭಾಷಣಕ್ಕೆ ಹೊಗಳಿಕೆಯಾಗಿ ಬಳಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮೇಜಿನ ಮೇಲೆ ಎರಡು ನಿಘಂಟು ಬೇಕು. ಪದದ ಚರಿತ್ರೆಗೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದು ಅರ್ಥಗಳನ್ನು ಕಾಲಾನುಕ್ರಮದಲ್ಲಿ, ಬಳಕೆಯ ಉದಾಹರಣೆಗಳೊಂದಿಗೆ ಕೊಡುತ್ತದೆ. ಇಂದಿನ ಬಳಕೆಗೆ ಯಾವುದಾದರೂ ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷ್ ಕಲಿಯುವವರಿಗಾಗಿ ಮಾಡಿದ ನಿಘಂಟು. ಅದರಲ್ಲಿ ಪದದ ಪಕ್ಕ 'ಲಿಟರರಿ' ಅಥವಾ 'ಓಲ್ಡ್ ಫ್ಯಾಶನ್ಡ್' ಎಂಬ ಗುರುತು ಕಂಡರೆ ಅದು ಓದಿಗೆ ಮಾತ್ರ, ಪತ್ರಕ್ಕಲ್ಲ.

ಪ್ರಶ್ನೆ: ಗ್ರೀಕ್ ಮಹಾಕವಿ ಹೋಮರ್‌ನ 'ಇಲಿಯಡ್', 'ಒಡಿಸ್ಸಿ'ಗಳಿಗೆ ಇಂಗ್ಲಿಷ್ ಅನುವಾದಗಳು ಬೇಕಾದಷ್ಟಿವೆ. ಪದ ಕಲಿಯಲು ಯಾವುದು ಒಳ್ಳೆಯದು?

ಉತ್ತರ: ಮಿಲ್ಟನ್‌ಗಿಂತ ಹೋಮರ್‌ನಿಂದ ಶುರು ಮಾಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಅನುವಾದದ ಕಾಲ ನೋಡಿ ಆರಿಸಿ. ಅಲೆಕ್ಸಾಂಡರ್ ಪೋಪ್‌ನ 'ಇಲಿಯಡ್' 1715ರಿಂದ 1720ರ ನಡುವೆ ಬಂದದ್ದು, ಪ್ರಾಸದ ದ್ವಿಪದಿಗಳಲ್ಲಿದೆ. ಸೊಗಸಾಗಿದೆ, ಆದರೆ ಪ್ರಾಸಕ್ಕಾಗಿ ಪದಕ್ರಮ ತಿರುಗಿಸುತ್ತದೆ. ಎಮಿಲಿ ವಿಲ್ಸನ್ ಅವರ 'ಒಡಿಸ್ಸಿ' 2017ರದು, ಇಂದಿನ ನೇರ ಇಂಗ್ಲಿಷ್. ಹಣ ಕೊಡದೆ ಓದಬೇಕೆಂದರೆ ಸ್ಯಾಮ್ಯುಯೆಲ್ ಬಟ್ಲರ್ 1900ರಲ್ಲಿ ಮಾಡಿದ 'ಒಡಿಸ್ಸಿ'ಯ ಗದ್ಯಾನುವಾದ ಉಚಿತ ಇ-ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿದೆ. ಬಟ್ಲರ್ ಗ್ರೀಕ್ ದೇವತೆಗಳಿಗೆ ರೋಮನ್ ಹೆಸರು ಕೊಡುತ್ತಾನೆ. ಅಥೀನಾ ಅಲ್ಲಿ ಮಿನರ್ವಾ. ಇಬ್ಬರು ಬೇರೆ ಬೇರೆ ಎಂದುಕೊಂಡು ಗೊಂದಲಪಡಬೇಡಿ.

ಹೋಮರ್‌ನಲ್ಲಿ ಕಲಿಯುವವರಿಗೆ ಎರಡು ಅನುಕೂಲ. ಒಂದು, ವಿಶೇಷಣಗಳು ಮರಳಿ ಮರಳಿ ಬರುತ್ತವೆ. ಗುಲಾಬಿ ಬೆರಳಿನ ಉಷೆ, ವೇಗದ ಕಾಲಿನ ಅಕಿಲಿಸ್ ಹತ್ತಾರು ಸಲ ಎದುರಾಗುವುದರಿಂದ ಪುನರಾವರ್ತನೆಯ ಕೆಲಸವನ್ನು ಕಾವ್ಯವೇ ಮಾಡಿಕೊಡುತ್ತದೆ. ಎರಡನೆಯದು ಹೆಚ್ಚಿನದು, ಬಹಳಷ್ಟು ಜನ ಗಮನಿಸದೆ ಬಿಡುವಂಥದ್ದು: ದಿನಬಳಕೆಯ ಪದಗಳು ಇರುವುದು ಯುದ್ಧದ ವರ್ಣನೆಯಲ್ಲಲ್ಲ, ಉಪಮೆಗಳಲ್ಲಿ. 'ಇಲಿಯಡ್'ನ 12ನೇ ಭಾಗದಲ್ಲಿ ಕೋಟೆಗೋಡೆಯ ಎರಡು ಬದಿಯಲ್ಲಿ ಸೈನಿಕರು ಕಾದುವುದನ್ನು, ಅಳತೆಗೋಲು ಹಿಡಿದು ಗಡಿಕಲ್ಲಿಗಾಗಿ ಜಗಳಾಡುವ ಇಬ್ಬರು ರೈತರಿಗೆ ಹೋಲಿಸಿದೆ. ಬೌಂಡರಿ, ಡಿಸ್‌ಪ್ಯೂಟ್, ಮೆಷರ್, ಶೇರ್ ಎಂಬಂಥ ಪದಗಳು ಅಲ್ಲೇ ಒಟ್ಟಿಗೆ ಸಿಗುತ್ತವೆ. 11ನೇ ಭಾಗದಲ್ಲಿ ಕೊಯ್ಲಿನವರು, 16ನೇ ಭಾಗದಲ್ಲಿ ಎತ್ತಿಕೋ ಎಂದು ತಾಯಿಯ ಸೆರಗು ಜಗ್ಗುವ ಪುಟ್ಟ ಹುಡುಗಿ. ಇಡೀ ಕಾವ್ಯ ಓದಲು ಸಮಯವಿಲ್ಲದವರು ಉಪಮೆಗಳನ್ನಷ್ಟೇ ಹೆಕ್ಕಿ ಓದಿದರೂ ನಷ್ಟವಿಲ್ಲ.

ಪ್ರಶ್ನೆ: 'ಅಕಿಲಿಸ್ ಹೀಲ್' (ಬಲಶಾಲಿಯ ಒಂದೇ ದುರ್ಬಲ ಜಾಗ), 'ಟ್ರೋಜನ್ ಹಾರ್ಸ್' (ಒಳಗೆ ಅಪಾಯ ಅಡಗಿಸಿಟ್ಟ ಉಡುಗೊರೆ) ಮುಂತಾದ ನುಡಿಗಟ್ಟುಗಳು 'ಇಲಿಯಡ್'ನಲ್ಲಿ ಎಲ್ಲಿವೆ?

ಉತ್ತರ: ಎರಡೂ ಅದರಲ್ಲಿಲ್ಲ, ಹುಡುಕಬೇಡಿ. 'ಇಲಿಯಡ್' ಟ್ರಾಯ್ ನಗರದ ವೀರ ಹೆಕ್ಟರ್‌ನ ಅಂತ್ಯಸಂಸ್ಕಾರದೊಂದಿಗೆ ಮುಗಿಯುತ್ತದೆ. ಮರದ ಕುದುರೆಯ ಪ್ರಸ್ತಾಪ 'ಒಡಿಸ್ಸಿ'ಯಲ್ಲಿದೆ, ಪೂರ್ಣ ಕಥೆ ರೋಮನ್ ಕವಿ ವರ್ಜಿಲ್‌ನ 'ಈನಿಯಡ್'ನ ಎರಡನೇ ಭಾಗದಲ್ಲಿದೆ. ಹಿಮ್ಮಡಿಯ ಕಥೆ ಹೋಮರ್‌ಗಿಂತ ಈಚಿನದು. 'ಇಲಿಯಡ್'ನಿಂದ ಬಂದ ಪದಗಳೂ ಇವೆ. ಅದರ 5ನೇ ಭಾಗದಲ್ಲಿ ಐವತ್ತು ಜನರ ದನಿಯಿದ್ದ ಸ್ಟೆಂಟರ್ ಸಿಗುತ್ತಾನೆ. ಭಾರಿ ಗಟ್ಟಿ ದನಿಗೆ 'ಸ್ಟೆಂಟೋರಿಯನ್' ಎನ್ನುವುದು ಅವನಿಂದ. ಹೆಕ್ಟರ್‌ಗೆ ಮಾತ್ರ ಅನ್ಯಾಯವಾಗಿದೆ: ಕಾವ್ಯದಲ್ಲಿ ಗಂಭೀರ ವೀರ, ಇಂಗ್ಲಿಷಿನಲ್ಲಿ 'ಹೆಕ್ಟರ್' ಎಂಬ ಕ್ರಿಯಾಪದಕ್ಕೆ ದಬಾಯಿಸು ಎಂದು ಅರ್ಥ. ಮಿಲ್ಟನ್ ನರಕದ ರಾಜಧಾನಿಗೆ ಕಟ್ಟಿದ ಹೆಸರು 'ಪ್ಯಾಂಡಮೋನಿಯಮ್', ಇಂದು ಗದ್ದಲಕ್ಕೆಲ್ಲ ಅದೇ ಪದ.

ಪ್ರಶ್ನೆ: ಕಾವ್ಯ ಓದಿದರೆ ಉಚ್ಚಾರಣೆಯೂ ಸುಧಾರಿಸುತ್ತದೆಯೇ?

ಉತ್ತರ: ಒತ್ತು ಎಲ್ಲಿ ಬೀಳುತ್ತದೆ ಎಂಬುದು ತಿಳಿಯುತ್ತದೆ. ಮಿಲ್ಟನ್‌ನ ಸಾಲಿನಲ್ಲಿ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶ. ಒಂದು ಬಿಟ್ಟು ಒಂದಕ್ಕೆ ಒತ್ತು. ಮೇಜು ತಟ್ಟುತ್ತ ಓದಿದರೆ 'ಡಿಸ್‌ಒಬೀಡಿಯನ್ಸ್'ನಲ್ಲಿ 'ಬೀ' ಮೇಲೆ ಒತ್ತು ಬೀಳುವುದು ಕಿವಿಗೇ ಗೊತ್ತಾಗುತ್ತದೆ. ಆದರೆ ಛಂದಸ್ಸಿಗಾಗಿ ಅಕ್ಷರ ನುಂಗುವುದೂ ಉಂಟು: ಅದೇ ಪದ ಅಲ್ಲಿ ನಾಲ್ಕು ಉಚ್ಚಾರಾಂಶಕ್ಕೆ ಕುಗ್ಗುತ್ತದೆ, ಮಾತಿನಲ್ಲಿ ಐದು. ನಿಘಂಟಿನ ಧ್ವನಿ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಮೂರು ತಿಂಗಳಲ್ಲಿ ಪ್ರವೇಶ ಪರೀಕ್ಷೆಯಿದೆ. ಮಹಾಕಾವ್ಯ ಓದಲೇ?

ಉತ್ತರ: ಬೇಡ. ಪತ್ರಿಕೆಯ ಸಂಪಾದಕೀಯ ಓದಿ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಪರೀಕ್ಷೆಯಲ್ಲೂ ಮಾತಿನಲ್ಲೂ ಬೇಕಾಗುವ 'ಗಿವ್ ಅಪ್', 'ಪುಟ್ ಆಫ್'ನಂಥ ಜೋಡಿ ಕ್ರಿಯಾಪದಗಳನ್ನು ಕಲಿಯಲು ಮಿಲ್ಟನ್ ಸರಿಯಾದ ಜಾಗವಲ್ಲ. ಪರೀಕ್ಷೆ ಮುಗಿದ ಮೇಲೆ ಬಟ್ಲರ್‌ನ 'ಒಡಿಸ್ಸಿ'ಯ 9ನೇ ಭಾಗ ತೆರೆಯಿರಿ. ಒಕ್ಕಣ್ಣ ದೈತ್ಯನ ಕಥೆ, ಒಂದೇ ಸಂಜೆಗೆ ಮುಗಿಯುತ್ತದೆ.