ಸಾವಯವ ಊಟ: ಮೊದಲು ಅಕ್ಕಿ ಬದಲಿಸಿ
ಮೈಸೂರಿನಲ್ಲಿದ್ದೇವೆ, ಸ್ಥಳೀಯ ಸಾವಯವ ಊಟಕ್ಕೆ ಬದಲಾಗಬೇಕು, ಮಕ್ಕಳು ಸಿರಿಧಾನ್ಯ ಮುಟ್ಟುತ್ತಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ ಮೇಡಂ, ಖರ್ಚು ಜಾಸ್ತಿ ಆಗುತ್ತದೆ. ದಿನಾ ತಿನ್ನುವ ಅಕ್ಕಿಯಿಂದ ಶುರು ಮಾಡಿ. ರಾಜಮುಡಿ ನಿಮ್ಮ ಸೀಮೆಯದೇ ಹಳೆಯ ತಳಿ, ತುಂಬಾ ರುಚಿ. ಅರ್ಧ ಗಂಟೆ ನೆನೆಸಿ, ನೀರು ಸ್ವಲ್ಪ ಹೆಚ್ಚು ಇಡಿ.

ಸಿರಿಧಾನ್ಯವನ್ನು ಬರೀ ಅನ್ನ ಮಾಡಿ ಬಡಿಸಿದರೆ ಮಕ್ಕಳಿಗೆ ಸೇರುವುದಿಲ್ಲ, ಅಲ್ವಾ? ಸಾಮೆಯನ್ನು ಉದ್ದಿನಬೇಳೆ ಜೊತೆ ರುಬ್ಬಿ ದೋಸೆ ಹುಯ್ಯಿರಿ. ನವಣೆಯಲ್ಲಿ ಬಿಸಿಬೇಳೆಬಾತ್ ಚೆನ್ನಾಗಿ ಬರುತ್ತದೆ.

ಪ್ಯಾಕೆಟ್ ಕೊಳ್ಳುವಾಗ ಸಾವಯವ ಎಂದು ತಿಳಿಸುವ ಸರ್ಕಾರಿ ಗುರುತು (‘ಜೈವಿಕ್ ಭಾರತ್’ನಂಥದ್ದು) ನೋಡಿ. ನೇರವಾಗಿ ಮಾರುವ ಸಣ್ಣ ರೈತರಿಗೆ ಅದು ಕಡ್ಡಾಯವಲ್ಲ. ಅವರ ಹತ್ತಿರ ಗೊಬ್ಬರ ಯಾವುದು, ಹುಳಕ್ಕೆ ಏನು ಹೊಡೆಯುತ್ತೀರಿ ಎಂದು ಕೇಳಿ. ಸಾಧ್ಯವಾದರೆ ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಹೊಲಕ್ಕೇ ಹೋಗಿ ಬನ್ನಿ.