ನಿಂತಿದ್ದ ರಾಜ್‌ದೂತ್ 350 ಹೊಗೆ ಬಿಡುತ್ತಿದೆಯೇ? ಬೋರ್ ಮಾಡಿಸುವ ಮುಂಚೆ ಇದನ್ನು ನೋಡಿ

ಸರ್, ನೀವು ಹೇಳಿದ ಲಕ್ಷಣ ಇಷ್ಟು: ಗಾಡಿ ವರ್ಷಗಟ್ಟಲೆ ನಿಂತಿತ್ತು, ಈಗ ಬಲಗಡೆ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುತ್ತಿಲ್ಲ, ಕೆಲವೊಮ್ಮೆ ಐಡ್ಲಿಂಗ್ ತಾನಾಗಿಯೇ ಏರುತ್ತದೆ, ಮೆಕ್ಯಾನಿಕ್ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ ಅಗಲ ಮಾಡಿಸಿ) ಎನ್ನುತ್ತಿದ್ದಾರೆ. ದಯವಿಟ್ಟು ಈಗಲೇ ಬೋರಿಗೆ ಕೊಡಬೇಡಿ. ಮೊದಲು ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಎರಡು ತುದಿಯಲ್ಲೂ ಗಾಳಿ, ಆಯಿಲ್ ತಡೆಯುವ ರಬ್ಬರ್ ಉಂಗುರ) ಪರೀಕ್ಷಿಸಿ, ಅಲ್ಲಿಯವರೆಗೆ ಓಡಿಸಲೂಬೇಡಿ.

ಬಲಗಡೆ ಸೀಲು ಕ್ಲಚ್ ಕಡೆಗಿದೆ, ಅದರಾಚೆ ಗೇರ್ ಆಯಿಲ್. ಸೀಲು ಹೋದರೆ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ತಿರುಗುವ ಕೋಣೆ) ಆ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಹೊಗೆ ಕಮಟಾಗಿರುತ್ತದೆ, ಗೇರ್ ಆಯಿಲ್ ಸೋರದೆಯೇ ಕಡಿಮೆಯಾಗುತ್ತದೆ. ಎಡಗಡೆ ಸೀಲಿನಾಚೆ ಮ್ಯಾಗ್ನೆಟ್, ಪಾಯಿಂಟ್ಸ್ (ಪ್ಲಗ್ಗಿನ ಕಿಡಿಯ ಸಮಯ ನಿಯಂತ್ರಿಸುವ ಸ್ವಿಚ್), ಬರೀ ಗಾಳಿ. ಅದು ಹೋದರೆ ಹೊಗೆ ಬರುವುದಿಲ್ಲ, ಬದಲಿಗೆ ಹೆಚ್ಚುವರಿ ಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾಗುತ್ತದೆ, ಪ್ಲಗ್ ಬಿಳುಚುತ್ತದೆ, ಐಡ್ಲಿಂಗ್ ಏರುತ್ತದೆ, ಕೊನೆಗೆ ಹೈವೇಯಲ್ಲಿ ಪಿಸ್ಟನ್ ಜಾಮ್ ಆಗುತ್ತದೆ. ಹೊಗೆ ಬಿಡುವ ಸೀಲಿಗಿಂತ ಸುಮ್ಮನಿರುವ ಈ ಸೀಲೇ ಅಪಾಯ. ನಿಮ್ಮ ಗಾಡಿಯಲ್ಲಿ ಎರಡೂ ಹೋಗಿರುವಂತಿದೆ.

ಒಂದು ವಿಷಯ ಮಾತ್ರ ಬೇರೆ ಮಾಡಿ ನೋಡಬೇಕು. ಗಾಡಿ ತುಂಬಾ ದಿನ ನಿಂತರೆ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನಿನಲ್ಲಿ ಪೆಟ್ರೋಲ್ ಜೊತೆ ಸುಡುವ ಆಯಿಲ್) ಪಂಪಿನ ಮೂಲಕ ಮೆಲ್ಲಗೆ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಆ ಹೊಗೆ ಎಷ್ಟೇ ದಟ್ಟವಾಗಿದ್ದರೂ ಆ ಆಯಿಲ್ ಸುಟ್ಟು ಮುಗಿದ ಮೇಲೆ ನಿಲ್ಲುತ್ತದೆ. ಸೀಲಿನ ಹೊಗೆ ನಿಲ್ಲುವುದಿಲ್ಲ.

ಪರೀಕ್ಷೆಗೆ ಬಿ.ಪಿ. ನೋಡುವ ಗೇಜು, ಗಾಳಿ ಒತ್ತುವ ರಬ್ಬರ್ ಬಲ್ಬು ಸಾಕು. ಕಾರ್ಬ್ಯುರೇಟರ್, ಸೈಲೆನ್ಸರ್ ಬಿಚ್ಚಿ, ಎರಡೂ ಕಡೆಯ ಇನ್‌ಟೇಕ್, ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಬಿರಡೆ ಇಟ್ಟು ಬಿಗಿಯಾಗಿ ಮುಚ್ಚಿ. ಎರಡು ಸಿಲಿಂಡರಿನ ಎರಡು ಕ್ರ್ಯಾಂಕ್‌ಕೇಸ್‌ಗಳ ನಡುವಿನ ಲ್ಯಾಬಿರಿಂತ್ ಸೀಲು (ಸಾಲು ಗೀರುಗಳ ಲೋಹದ ತಡೆ) ಪೂರ್ತಿ ಗಾಳಿ ತಡೆಯುವುದಿಲ್ಲ, ಹಾಗಾಗಿ ಒಂದೇ ಸಿಲಿಂಡರ್ ಮುಚ್ಚಿ ನೋಡಿದರೆ ತಪ್ಪು ಉತ್ತರ ಸಿಗುತ್ತದೆ. ಪ್ಲಗ್ಗುಗಳು ಬಿಗಿಯಾಗಿರಲಿ. ಗೇಜನ್ನು ಒಂದು ಬಿರಡೆಯ ಮೂಲಕ ಜೋಡಿಸಿ 260 ಮಿ.ಮೀ. (ಪಾದರಸ) ತನಕ ಗಾಳಿ ತುಂಬಿ, ಅಂದರೆ ಸುಮಾರು 5 ಪಿಎಸ್‌ಐ. ಅದಕ್ಕಿಂತ ಹೆಚ್ಚು ಬೇಡ, ಒತ್ತಡಕ್ಕೆ ಒಳ್ಳೆಯ ಸೀಲಿಗೂ ಪೆಟ್ಟಾಗಬಹುದು. ಐದು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತರೆ ಸರಿ. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಸೋಪು ನೀರು ಬಳಿದು ಹುಡುಕಿ: ಸಿಲಿಂಡರ್ ಬೇಸ್ ಗ್ಯಾಸ್ಕೆಟ್, ರೀಡ್ ವಾಲ್ವ್ (ಮಿಶ್ರಣವನ್ನು ಒಳಗಷ್ಟೇ ಬಿಡುವ ತೆಳು ರೆಕ್ಕೆ) ಜೋಡಣೆ, ಇನ್‌ಟೇಕ್ ರಬ್ಬರ್, ಎರಡು ಇನ್‌ಟೇಕ್‌ಗಳನ್ನು ಕೂಡಿಸುವ ಸಣ್ಣ ಬ್ಯಾಲೆನ್ಸ್ ಟ್ಯೂಬ್ (ಇದು ಬಿರುಕು ಬಿಟ್ಟಿದ್ದನ್ನು ಯಾರೂ ನೋಡುವುದೇ ಇಲ್ಲ), ಆಮೇಲೆ ಮ್ಯಾಗ್ನೆಟ್ ತೆಗೆದು ಎಡ ಸೀಲು. ಗೇರ್ ಆಯಿಲ್ ಹಾಕುವ ಬಾಯಿಯಿಂದ ಗಾಳಿ ಬರುತ್ತಿದ್ದರೆ ಬಲ ಸೀಲು ಹೋಗಿದೆ.

ಸೀಲು ಹಾಕಲು ಕೇಸ್ ಬಿಡಿಸಿ. ಬಿಡಿಸದೆ ಹೊರಗಿನಿಂದ ತುರುಕುವವರಿದ್ದಾರೆ, ಒಪ್ಪಬೇಡಿ. ಕೇಸ್ ಅಡ್ಡಕ್ಕೆ ಬಿಚ್ಚುವ ಎಂಜಿನ್ ಇದು, ಬಿಚ್ಚಿದಾಗ ಬೇರಿಂಗಿನ ತುಕ್ಕನ್ನೂ ಕನೆಕ್ಟಿಂಗ್ ರಾಡಿನ ಆಟವನ್ನೂ ನೋಡಬಹುದು. ಕಂಪನಿ ಪೊಟ್ಟಣದಲ್ಲಿ ದಶಕಗಟ್ಟಲೆ ಉಳಿದ ಹಳೇ ಸ್ಟಾಕಿನ ಸೀಲಿಗೆ ಮರುಳಾಗಬೇಡಿ, ಕೂತಲ್ಲೇ ರಬ್ಬರ್ ಗಟ್ಟಿಯಾಗಿರುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ವಿಟಾನ್ (ಇಂಧನ, ಬಿಸಿ ತಡೆಯುವ ರಬ್ಬರ್) ಸೀಲೇ ಸೂಕ್ತ.

ಜೋಡಿಸಿದ ಮೇಲೆ ಆಟೋಲ್ಯೂಬ್ ಪಂಪಿನ (ಅದೇ 2ಟಿ ಪಂಪು) ಗಾಳಿ ತೆಗೆಯುವ ಬ್ಲೀಡ್ ಸ್ಕ್ರೂ ಬಿಚ್ಚಿ, ಕೇಬಲ್ ಎಳೆದು ಹಿಡಿದು, ಗುಳ್ಳೆ ನಿಲ್ಲುವವರೆಗೆ ಪಂಪಿನ ಚಕ್ರ ತಿರುಗಿಸಿ. ಪಂಪಿನ ಕನಿಷ್ಠ ಸ್ಟ್ರೋಕ್ 0.20ರಿಂದ 0.25 ಮಿ.ಮೀ. ಇರಬೇಕು. ಪಂಪ್ ಸರಿಯಿದ್ದರೂ ಮೊದಲ ಟ್ಯಾಂಕಿನ ಪೆಟ್ರೋಲಿಗೆ ಲೀಟರಿಗೆ 20 ಮಿ.ಲೀ. 2ಟಿ ಬೆರೆಸಿಬಿಡಿ. ಪಾಯಿಂಟ್ಸ್ ಗ್ಯಾಪ್ 0.3–0.4 ಮಿ.ಮೀ., ಟೈಮಿಂಗ್ ಎರಡೂ ಸಿಲಿಂಡರಿಗೆ ಬೇರೆಬೇರೆಯಾಗಿ ಡಯಲ್ ಗೇಜಿನಲ್ಲಿ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ತಲುಪುವ ಜಾಗ) 2.0 ಮಿ.ಮೀ. ಮುಂಚೆ.

ಯಮಹಾದ ಈ 347 ಸಿಸಿ ಎಂಜಿನ್ 1983ರಲ್ಲಿ ಇಲ್ಲಿಗೆ ಬಂದಾಗ ರೀಡ್ ವಾಲ್ವ್, ಆರು ಗೇರ್, ಹೈ ಟಾರ್ಕ್ ಮಾದರಿಯಲ್ಲಿ 30.5 ಬಿಎಚ್‌ಪಿ. ಸಿಲಿಂಡರನ್ನು ಮತ್ತೆ ಮತ್ತೆ ಬೋರ್ ಮಾಡಿಸಲು ಆಗುವುದಿಲ್ಲ, ಪ್ರತಿ ಓವರ್‌ಸೈಜಿಗೂ ಒಂದಿಷ್ಟು ಆಯುಸ್ಸು ಖರ್ಚು. ಗೇಜಿನ ಓದು ಏನು ಬಂತು ಎಂದು ಇಲ್ಲೇ ಹಾಕಿ, ಪ್ಲಗ್ಗುಗಳ ಫೋಟೋ ಜೊತೆಗೆ, ಎಡ–ಬಲ ಗುರುತು ಮಾಡಿ.